ಸಕ್ಕರೆ, ಜೋನಿ ಬೆಲ್ಲ, ಜೇನು: ಲಿವರ್‌ಗೆ ಯಾವುದು ವಾಸಿ?

ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ಜಾಸ್ತಿಯಾಗಿದೆ ಅಂತ ಬಂದರೆ ಸಾಕು, ನಮ್ಮ ಸಾಗರ, ತೀರ್ಥಹಳ್ಳಿ ಕಡೆ ಮೊದಲು ಸಿಗುವ ಸಲಹೆ: ಸಕ್ಕರೆ ಬಿಡಿ, ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ತಿನ್ನಿ. ಇದರಿಂದ ಲಿವರ್‌ಗೆ ಏನೂ ಲಾಭವಿಲ್ಲ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಇಡೀ ಮೈ ಬಳಸಿಕೊಳ್ಳುತ್ತದೆ. ಫ್ರಕ್ಟೋಸ್ ಹಾಗಲ್ಲ, ಜಾಸ್ತಿ ತಿಂದರೆ ಅದರ ದೊಡ್ಡ ಪಾಲು ಲಿವರ್‌ಗೇ ಹೋಗುತ್ತದೆ, ಅಲ್ಲಿ ಒಂದಷ್ಟು ಕೊಬ್ಬಾಗಿ ಬದಲಾಗುತ್ತದೆ, ಹಾಗೆ ಹೊಸದಾಗಿ ತಯಾರಾಗುವುದರಲ್ಲಿ ಮುಖ್ಯವಾದದ್ದು ಪಾಲ್ಮಿಟಿಕ್ ಆಮ್ಲ, ಅಂದರೆ ತುಪ್ಪದಲ್ಲೂ ಪಾಮ್ ಎಣ್ಣೆಯಲ್ಲೂ ಇರುವ ಅದೇ ಸ್ಯಾಚುರೇಟೆಡ್ ಕೊಬ್ಬು. ಎಣ್ಣೆ, ತುಪ್ಪ ಮುಟ್ಟದವರಿಗೂ ಫ್ಯಾಟಿ ಲಿವರ್ ಬರುವುದಕ್ಕೆ ಇದೂ ಒಂದು ಕಾರಣ. ಸ್ವಲ್ಪ ಕೊಬ್ಬು ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೂ ಸೇರುತ್ತದೆ.

ಜೋನಿ ಬೆಲ್ಲದ ರುಚಿ ಸಕ್ಕರೆಗೆ ಎಲ್ಲಿಂದ ಬರಬೇಕು! ಒಂಚೂರು ಖನಿಜಾಂಶವೂ ಇದೆ. ಆದರೆ ಅದರ ಸಿಹಿಯಲ್ಲೂ ಬಹುಪಾಲು ಅದೇ ಗ್ಲೂಕೋಸ್, ಫ್ರಕ್ಟೋಸ್. ಕಾಡಿನ ಜೇನೂ ಅಷ್ಟೆ, ಸಾಮಾನ್ಯವಾಗಿ ಅದರಲ್ಲಿ ಗ್ಲೂಕೋಸಿಗಿಂತ ಫ್ರಕ್ಟೋಸೇ ತುಸು ಜಾಸ್ತಿ.

ಇಡೀ ಹಣ್ಣಿನ ಲೆಕ್ಕ ಬೇರೆ. ಹಲಸಿನ ತೊಳೆಯಲ್ಲಿ ನಾರಿದೆ, ಅಗಿದು ತಿನ್ನಬೇಕು, ಸಿಹಿ ನಿಧಾನವಾಗಿ ಒಳಗೆ ಹೋಗುತ್ತದೆ. ಸಕ್ಕರೆ ಸುರಿದ ಪುನರ್ಪುಳಿ ಶರಬತ್ತು ಗಟಗಟ ಕುಡಿದರೆ ಹಾಗಾಗುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಬಿಡಬೇಕಾದ್ದು ಶರಬತ್ತು, ಕೂಲ್‌ಡ್ರಿಂಕ್ಸ್.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇಂಥ ಸಿಹಿಗೆ ಹೇಳಿದ ಮಿತಿ ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಕಡಿಮೆ. 2000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 50 ಗ್ರಾಂ, ಜೇನು, ಜ್ಯೂಸ್ ಎಲ್ಲ ಸೇರಿ. ನೀರುದೋಸೆಗೆ ಜೋನಿ ಬೆಲ್ಲ ಬೇಕೇ ಬೇಕು ಅಂದರೆ ಒಂದು ಚಮಚ ಹಾಕಿಕೊಳ್ಳಿ, ಆವತ್ತು ಕಾಫಿಗೆ ಸಕ್ಕರೆ ಬೇಡ.