ಶ್ರೋಡರ್ ಮನೆತನದ ‘ಲಾಂಛನ’ ಮತ್ತು ಒಂದು ಪುಕ್ಕಟೆ ನಿಘಂಟು

ನನ್ನ ಗಂಡನ ಮನೆಯವರ ಅಡ್ಡಹೆಸರು ಶ್ರೋಡರ್. ಮಾವನವರ ಹುಟ್ಟುಹಬ್ಬಕ್ಕೆ ನಾದಿನಿ ಆನ್‌ಲೈನ್ ಅಂಗಡಿಯೊಂದರಿಂದ ‘ನಿಮ್ಮ ಹೆಸರಿನ ಇತಿಹಾಸ ಮತ್ತು ವಂಶಲಾಂಛನ’ ಅನ್ನೋದನ್ನ ತರಿಸಿದ್ದಳು. 59 ಯೂರೊ. ಬೇಕೆಂದೇ ಹಳದಿ ಮಾಡಿದ ಕಾಗದ, ಗೋಥಿಕ್ ಅಕ್ಷರ, ಸಿಂಹ ಇರುವ ಗುರಾಣಿ. ಅಂಗಡಿಯ ಹೆಸರು ಬೇಡ, ಜರ್ಮನಿಯಲ್ಲಿ ಇಂಥವು ಬೇಕಾದಷ್ಟಿವೆ.

ಚೌಕಟ್ಟಿನ ಮರ ಚೆನ್ನಾಗಿದೆ. ಹೊಗಳಿಕೆ ಅಲ್ಲಿಗೆ ಮುಗಿಯಿತು. ‘ಪ್ರಾಚೀನ ಕುಲೀನ ವಂಶ’ ಎಂದು ಶುರುವಾಗುವ ಬರಹದಲ್ಲಿ ಯಾವ ಊರು, ಯಾವ ಶತಮಾನ, ಯಾವ ದಾಖಲೆ, ಒಂದೂ ಇಲ್ಲ. ಶ್ರೋಡರ್ ಅಳಿಸಿ ವೇಬರ್ ಅಂತ ಬರೆದರೆ ಅವರ ಮನೆಗೂ ಆಗುತ್ತೆ. ಅಸಲಿಗೆ ಜರ್ಮನಿಯಲ್ಲಿ ಲಾಂಛನ ಅಡ್ಡಹೆಸರಿಗೆ ಸೇರಿದ್ದೇ ಅಲ್ಲ; ಒಬ್ಬ ವ್ಯಕ್ತಿಗೆ, ಅವನ ವಂಶದವರಿಗೆ ಸೇರಿದ್ದು. ದೇಶದ ತುಂಬ ಇರುವ ಶ್ರೋಡರ್‌ಗಳಿಗೆಲ್ಲ ಒಂದೇ ಸಿಂಹ ಎಲ್ಲಿಂದ ಬಂತು? ಹೊಸದಾಗಿ ಲಾಂಛನ ಮಾಡಿಸಿಕೊಳ್ಳೋರು ಬರ್ಲಿನ್‌ನಲ್ಲಿ 1869ರಿಂದ ಇರುವ ‘ಹೆರೋಲ್ಡ್’ ಸಂಘದಂಥ ಕಡೆ ನೋಂದಾಯಿಸುತ್ತಾರೆ. ಮಾವನವರು ಸಿಂಹ ನೋಡಿ ನಕ್ಕು, “ನಮ್ಮಪ್ಪ ಹಾಲಿನ ಲಾರಿ ಓಡಿಸ್ತಿದ್ದರು” ಅಂದರು.

ಐದರಲ್ಲಿ ಒಂದು ಸ್ಟಾರ್, ಅದೂ ಮರಕ್ಕೆ.

ದುಡ್ಡಿಲ್ಲದೆ ಸಿಗುವ ಒಳ್ಳೆಯ ಸರಕು ಬೇರೆ ಇದೆ: ಜರ್ಮನಿಯ ಅಡ್ಡಹೆಸರುಗಳ ಡಿಜಿಟಲ್ ನಿಘಂಟು. ಮೈಂಟ್ಸ್‌ನ ವಿಜ್ಞಾನ ಮತ್ತು ಸಾಹಿತ್ಯ ಅಕಾಡೆಮಿ 2012ರಲ್ಲಿ ಹಿಡಿದ ಕೆಲಸ, ಇನ್ನೂ ನಡೆಯುತ್ತಿದೆ. ಶ್ರೋಡರ್ ಅಂದರೆ ಕತ್ತರಿಸುವವನು. ಬಟ್ಟೆ ಕತ್ತರಿಸಿ ಹೊಲಿಯುವ ದರ್ಜಿಗೆ ಉತ್ತರದ ಕೆಳಜರ್ಮನ್ ಮಾತಿನಲ್ಲಿದ್ದ ಹೆಸರು. ಬೇರೆ ಕಡೆ ಅದೇ ಕೆಲಸದವನು ಶ್ನೈಡರ್. ಬಡಿಗೇರ, ಕಂಬಾರ, ಪತ್ತಾರ ಅನ್ನೋ ಅಡ್ಡಹೆಸರು ಕೇಳುತ್ತಾ ಬೆಳೆದ ನನಗೆ ಇಲ್ಲಿಯವರೆಗೆ ಅಚ್ಚರಿ ಇರಲಿಲ್ಲ. ಆದರೆ ಇನ್ನೊಂದು ಮೂಲವೂ ಇದೆ: ವೈನ್, ಬಿಯರ್ ತುಂಬಿದ ಪೀಪಾಯಿಗಳನ್ನ ಗಾಡಿಯಿಂದ ಉರುಳಿಸಿ ನೆಲಮಾಳಿಗೆಗೆ ಇಳಿಸುವ ಆಳನ್ನೂ ಹೀಗೇ ಕರೆಯುತ್ತಿದ್ದರು. ಮಾವನವರಿಗೆ ದರ್ಜಿಗಿಂತ ಇವನೇ ಹಿಡಿಸಿದ.

ನನಗೆ ಹಿಡಿಸಿದ್ದು ನಕ್ಷೆ. 2005ರ ಸ್ಥಿರ ದೂರವಾಣಿ ಸಂಪರ್ಕಗಳ ಪಟ್ಟಿ ಇಟ್ಟುಕೊಂಡು ಯಾವ ಹೆಸರು ಎಲ್ಲಿ ದಟ್ಟ ಅಂತ ತೋರಿಸುತ್ತಾರೆ. ಶ್ರೋಡರ್ ಉತ್ತರದಲ್ಲಿ ಗಿಜಿಗುಡುತ್ತೆ, ಬವೇರಿಯಾ ಕಡೆ ತೆಳುವಾಗುತ್ತೆ. ಒಂದು ಹೆಸರು ಹುಡುಕಲು ಕೂತವಳು ಕುಂಬಾರರ ಹಿಂದೆ ಹೋದೆ: ದಕ್ಷಿಣದಲ್ಲಿ ಹಾಫ್ನರ್, ಪೂರ್ವದಲ್ಲಿ ಟ್ಯೋಪ್ಫರ್, ಪಶ್ಚಿಮದ ಕೆಲವೆಡೆ ಆಯ್ಲರ್. ಹೌದು, ಗಣಿತಜ್ಞ ಲಿಯೊನ್‌ಹಾರ್ಡ್ ಆಯ್ಲರ್‌ನ ಅಡ್ಡಹೆಸರೂ ಅದೇ. ನಕ್ಷೆಯನ್ನ ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಎರಡನೇ ಮಹಾಯುದ್ಧ ಮುಗಿದಾಗ, ಅಲ್ಲಿಯವರೆಗೆ ಜರ್ಮನಿಯ ಪೂರ್ವದ ಪ್ರಾಂತ್ಯಗಳಾಗಿದ್ದ ಸಿಲೇಸಿಯಾ, ಪೂರ್ವ ಪ್ರಷ್ಯಾಗಳಿಂದ ಲಕ್ಷಾಂತರ ಜನ ಪಶ್ಚಿಮಕ್ಕೆ ಬಂದರು. ಅವರ ಹೆಸರುಗಳು ಇವತ್ತು ಹುಟ್ಟಿದ ನೆಲದಲ್ಲಿಲ್ಲ.

ಒಂದು ಸ್ಟಾರ್ ಕಡಿಮೆ ಕೊಡುತ್ತೇನೆ. ಎಲ್ಲ ಜರ್ಮನ್‌ನಲ್ಲೇ ಇದೆ, ಹಳೆಯ ಭಾಷಾರೂಪಗಳ ಸಂಕ್ಷೇಪಗಳು ಸಾಲುಸಾಲು. ಗಂಡ ಪಕ್ಕದಲ್ಲಿ ಕೂರದಿದ್ದರೆ ಅರ್ಧ ಬಿಟ್ಟುಬಿಡುತ್ತಿದ್ದೆ.

ನಿಮ್ಮ ಅಜ್ಜನ ಅಜ್ಜ ದರ್ಜಿಯೋ ಪೀಪಾಯಿಯವನೋ ಅನ್ನೋದನ್ನ ಮಾತ್ರ ಈ ನಿಘಂಟು ಹೇಳದು, ಅದರ ಕೆಲಸವೂ ಅದಲ್ಲ. ಅದಕ್ಕೆ ಚರ್ಚಿನ ದಾಖಲೆ ಪುಸ್ತಕಗಳೇ ಗತಿ. ಇಡೀ ಜರ್ಮನಿಗೆ ಸರ್ಕಾರಿ ಜನನ-ಮರಣ ನೋಂದಣಿ ಬಂದದ್ದು 1876ರಲ್ಲಿ. ಅದಕ್ಕೆ ಮುಂಚೆ ಪಾದ್ರಿಯ ಕಿವಿಗೆ ಬಿದ್ದಂತೆ ಕಾಗುಣಿತ, ಹಾಗಾಗಿ ಒಂದೇ ಮನೆಯವರು ಒಂದು ಪುಟದಲ್ಲಿ ಶ್ರೋಡರ್, ಮುಂದಿನದರಲ್ಲಿ ಶ್ರೋಟರ್ ಆಗಿರಬಹುದು. ಪ್ರಾಟೆಸ್ಟಂಟ್ ಚರ್ಚುಗಳ ಎಷ್ಟೋ ಪುಸ್ತಕಗಳನ್ನ ಆರ್ಕಿಯೋನ್ ಜಾಲತಾಣದಲ್ಲಿ ಚಂದಾ ಕಟ್ಟಿ ನೋಡಬಹುದು. ಕಟ್ಟುವ ಮುಂಚೆ ಹಳೆಯ ಕುರೆಂಟ್ ಕೈಬರಹ ಓದೋದು ಕಲಿತುಕೊಳ್ಳಿ. ಇಲ್ಲದಿದ್ದರೆ ಪುಟ ಕಾಣುತ್ತೆ, ಹೆಸರು ಕಾಣಲ್ಲ.