ಆಟಿಸಂ ಇರುವ ಮಗುವಿಗೆ ಯೋಗ: ಮನೆಯಲ್ಲೋ, ಥೆರಪಿಸ್ಟ್ ಬಳಿಯೋ, ಗುಂಪಿನಲ್ಲೋ?

ಆಟಿಸಂ ಇರುವ ಒಂಬತ್ತು ವರ್ಷದ ಮಗನಿಗೆ ಯೋಗ ಕಲಿಸಲು ಈ ಮೂರರಲ್ಲಿ ಯಾವುದು ಹೊಂದುತ್ತದೆ ಎಂದು ಕೇಳಿದ್ದೀರಿ. ಯಾವುದನ್ನು ಆರಿಸಿಕೊಂಡರೂ ಸ್ಪೀಚ್ ಥೆರಪಿ (ಮಾತಿನ ತರಬೇತಿ), ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ಕಲಿಸುವ ತರಬೇತಿ) ನಿಲ್ಲಿಸಬೇಡಿ. ಯೋಗ ಅವುಗಳ ಜೊತೆಗೆ ನಡೆಯಬೇಕು, ಬದಲಿಗೆ ಅಲ್ಲ.

ಖರ್ಚಿನಲ್ಲಿ ಮನೆಯೇ ಹಗುರ, ಒಬ್ಬರಿಗೇ ಕಲಿಸುವ ಯೋಗ ಥೆರಪಿಸ್ಟ್ ದುಬಾರಿ, ಗುಂಪು ನಡುವೆ.

ಕಲಿಕೆಯ ವಿಷಯ ಬೇರೆ. ಇಂಥ ಎಷ್ಟೋ ಮಕ್ಕಳಿಗೆ ನೋಡಿ ಅನುಕರಿಸುವುದೇ ಕಷ್ಟ. ‘ಕೈ ಮೇಲೆತ್ತು’ ಎಂದರೆ ಸಾಲದು. ಎದುರಿಗೆ ನಿಂತು ಮಾಡಿ ತೋರಿಸಬೇಕು, ಚಿತ್ರದ ಕಾರ್ಡ್ ಹಿಡಿಯಬೇಕು, ಪಾದ ಇಡುವ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಬೇಕು, ಮಗು ಒಪ್ಪಿದರೆ ಮೊಣಕೈ ಹಿಡಿದು ಎತ್ತಿಸಬೇಕು. ಶುರುವಿನಲ್ಲಿ ಇದಕ್ಕೆ ಅನುಭವಿ ಥೆರಪಿಸ್ಟೇ ಮೇಲು. ನೀವೂ ಪಕ್ಕದಲ್ಲೇ ಕೂತು ಕಲಿಯಿರಿ. ಹೊರಗೆ ಕಾಯಿರಿ ಎನ್ನುವ ಕಡೆಗೆ ನಾನಂತೂ ಕಳಿಸುವುದಿಲ್ಲ.

ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಗುಂಪು ಹಿಂಸೆಯಾಗಬಹುದು. ಹತ್ತು ಜನರ ಭ್ರಾಮರಿ (ಉಸಿರು ಬಿಡುತ್ತಾ ದುಂಬಿಯಂತೆ ಸದ್ದು ಮಾಡುವ ಪ್ರಾಣಾಯಾಮ) ಗುಂಯ್‌ಗುಡುವಾಗ ಓಡಿಹೋಗುವ ಮಗು, ಮನೆಯಲ್ಲಿ ಅಮ್ಮನೊಬ್ಬಳ ಭ್ರಾಮರಿಗೆ ಹತ್ತಿರ ಬಂದು ಕೂರಬಹುದು. ದಿನವೂ ಅದೇ ಹೊತ್ತು, ಅದೇ ಚಾಪೆ, ಅದೇ ಕ್ರಮ ಇಟ್ಟುಕೊಳ್ಳುವುದೂ ಮನೆಯಲ್ಲೇ ಸುಲಭ. ಹತ್ತು ನಿಮಿಷ ಸಾಕು.

ಹದಿನೆಂಟು ದಾಟಿದವರಿಗೆ, ಮನೆಬಿಟ್ಟು ಹೊರಬರಲು ನೆಪವೇ ಇಲ್ಲದವರಿಗೆ, ನಾಲ್ಕೈದು ಜನರ ಚಿಕ್ಕ ಗುಂಪು ಒಳ್ಳೆಯದು. ಅಲ್ಲಿ ಆಸನಕ್ಕಿಂತ ಸರದಿ ಕಾಯುವುದು, ಪಕ್ಕದವರ ಜೊತೆ ಹೊಂದಿಕೊಳ್ಳುವುದೇ ದೊಡ್ಡ ಲಾಭ.

ಫಿಟ್ಸ್ ಬರುವ ಮಗುವಾದರೆ ಕಪಾಲಭಾತಿ, ಭಸ್ತ್ರಿಕದಂಥ ವೇಗದ ಉಸಿರಾಟ ಬೇಡ. ನರರೋಗ ವೈದ್ಯರನ್ನು ಕೇಳಿದ ಮೇಲೆಯೇ ಯಾವುದನ್ನಾದರೂ ಶುರುಮಾಡಿ.