ಪೇಯ್ಡ್ ಪ್ರೀಮಿಯರ್‌ಗೆ ಫ್ಯಾಮಿಲಿ ಕರ್ಕೊಂಡು ಹೋಗುವ ಮೊದ್ಲು ಒಮ್ಮೆ ಇದನ್ನು ಓದಿ

ಮಂಗಳೂರು ಉಡುಪಿ ಕಡೆಯವರಿಗೆ ಹೇಳುದು, ಬುಕಿಂಗ್ ಆ್ಯಪಲ್ಲಿ ಸೀಟೆಲ್ಲ ತುಂಬಿದ ಹಾಗೆ ಕಾಣ್ತದಲ್ಲ, ಶೋ ಟೈಮಿನ ಹತ್ರ "ಫಾಸ್ಟ್ ಫಿಲ್ಲಿಂಗ್" ಅಂತ ಬರ್ತದಲ್ಲ, ಅದನ್ನು ನೋಡಿ ಗಡಿಬಿಡಿ ಮಾಡ್ಬೇಡಿ ಮಾರಾಯ್ರೆ. ಅದ್ರಲ್ಲೂ ರಿಲೀಸಿನ ಮುಂಚೆ ರಾತ್ರಿ ಇಡುವ ಪೇಯ್ಡ್ ಪ್ರೀಮಿಯರ್‌ಗೆ. ಸಿನಿಮಾ ಯಾವುದು, ಥಿಯೇಟರ್ ಯಾವುದು ಕೇಳ್ಬೇಡಿ, ಹೇಳುದಿಲ್ಲ. ಫ್ಯಾನ್ಸ್ ಬಂದು ಬೊಬ್ಬೆ ಹೊಡೆಯುದು ಬೇಡ, ಮತ್ತೆ ಇದು ಅದೊಂದೇ ಸಿನಿಮಾದ ಕಥೆಯೂ ಅಲ್ಲ.

ನಾವು ಕಾಪು ಕಡೆಯವರು. ಥಿಯೇಟರ್ ಅಂದ್ರೆ ನಮಗೆ ಮಣಿಪಾಲವೂ ಆಗ್ತದೆ ಮಂಗಳೂರೂ ಆಗ್ತದೆ, ಆದ್ರೆ ಆ ಪ್ರೀಮಿಯರ್ ಇದ್ದದ್ದು ಮಂಗಳೂರಲ್ಲಿ ಮಾತ್ರ. ಅದಕ್ಕೂ ಮೊದ್ಲು ಫೋನಲ್ಲಿ ಬರೀ ಅದೇ ಸಿನಿಮಾದ ರೀಲ್ಸ್. "ಫ್ಯಾಮಿಲಿ ಸಮೇತ ಕೂತು ನೋಡುವ ಸಿನಿಮಾ", "ನಕ್ಕು ನಕ್ಕು ಹೊಟ್ಟೆ ಹುಣ್ಣಾಗ್ತದೆ", "ಸೆಕೆಂಡ್ ಹಾಫ್ ಬೇರೆ ಲೆವೆಲ್". ಬೇರೆ ಬೇರೆ ಮುಖ, ಬೇರೆ ಬೇರೆ ಪೇಜು, ಹೇಳುದು ಮಾತ್ರ ಅದೇ ಮೂರು ವಾಕ್ಯ, ಅದೂ ಸಿನಿಮಾ ಇನ್ನೂ ಯಾರಿಗೂ ತೋರಿಸದೆ ಇರುವಾಗ. ಅಡುಗೆ ವಿಡಿಯೋ ಹಾಕುವ ಪೇಜಿನವರೂ ನೀರು ದೋಸೆ ಹೊಯ್ಯುತ್ತಾ ಹೊಯ್ಯುತ್ತಾ ಸಿನಿಮಾದ ಬಗ್ಗೆ ಮಾತಾಡ್ಲಿಕ್ಕೆ ಶುರು ಮಾಡಿದ್ರೆ ಅದು ಪೇಯ್ಡ್ ಪ್ರಮೋಶನ್ ಅಂತ ಬೋರ್ಡ್ ಹಾಕಿ ಹೇಳ್ಬೇಕಾ?

ಅಣ್ಣ ಆ್ಯಪ್ ತೆಗೆದು ತೋರಿಸಿದ, ಮಧ್ಯದ ಸಾಲುಗಳೆಲ್ಲ ಬೂದು ಬಣ್ಣ. ಉಳಿದದ್ದು ಎದುರಿನ ಎರಡು ಸಾಲು ಮತ್ತೆ ಗೋಡೆ ಬದಿಯ ಒಂದೆರಡು ಸೀಟು. "ಇಷ್ಟು ಬುಕ್ ಆಗಿದೆ ಅಂದ್ರೆ ಸಿನಿಮಾದಲ್ಲಿ ಎಂತದೋ ಉಂಟು" ಹೇಳಿದ. ಟಿಕೆಟಿಗೆ 400, ಎದುರಿನ ಸಾಲಿಗೂ ಅದೇ ರೇಟು. ಅಮ್ಮ, ಅಣ್ಣ, ಅತ್ತಿಗೆ, ಅವರ ಚಿಕ್ಕ ಮಗಳು, ನಾನು, ಐದು ಜನಕ್ಕೆ 2000, ಅದ್ರ ಮೇಲೆ ಕನ್ವೀನಿಯನ್ಸ್ ಫೀ, ಆ ಫೀಗೆ ಪುನಃ ಜಿಎಸ್‌ಟಿ. ಪೆಟ್ರೋಲು, ಹೆಜಮಾಡಿ ಟೋಲು, ಕೊಟ್ಟಾರ ಚೌಕಿಯ ಬ್ಲಾಕಲ್ಲಿ ಹೋದ ಹೊತ್ತು, ಅದೆಲ್ಲ ಬೇರೆ.

ಒಳಗೆ ಹೋಗಿ ಕೂತೆವು. ಲೈಟ್ ಆಫ್ ಆಯ್ತು, ಪಾನ್ ಮಸಾಲ ಆ್ಯಡ್, ಫ್ಲ್ಯಾಟಿನ ಆ್ಯಡ್, ಪುನಃ ಪಾನ್ ಮಸಾಲ. ಹಿಂದೆ ತಿರುಗಿ ನೋಡಿದ್ರೆ ಆ್ಯಪಲ್ಲಿ ಬೂದು ಇದ್ದ ಆ ಮಧ್ಯದ ಸಾಲುಗಳೆಲ್ಲ ಖಾಲಿ. ಒಬ್ರಿಬ್ರು ಲೇಟಾಗಿ ಬರುದಲ್ಲ, ಸಾಲಿಗೆ ಸಾಲೇ ಖಾಲಿ, ಮಡಚಿದ ಸೀಟು ಮಡಚಿದ ಹಾಗೇ ಉಂಟು. ಸಿನಿಮಾ ಶುರುವಾಯ್ತು, ಟೈಟಲ್ ಬಂತು, ಹೀರೋ ಎಂಟ್ರಿಯೂ ಆಯ್ತು, ಆದ್ರೂ ಯಾರೂ ಇಲ್ಲ. ಅಮ್ಮನಿಗೆ ಮೊದ್ಲೇ ಕುತ್ತಿಗೆ ನೋವು, ಎದುರಿನ ಸಾಲಲ್ಲಿ ತಲೆ ಮೇಲೆತ್ತಿ ಕೂತು ಕೂತು ಹೀರೋನ ಮೂಗಿನ ಹೊಳ್ಳೆ ಬಿಟ್ರೆ ಬೇರೆ ಎಂತದೂ ಕಾಣುದಿಲ್ಲ. "ಏರ್ಲಾ ಇಜ್ಜೆರತ್ತಾ (ಯಾರೂ ಇಲ್ಲ ಅಲ್ವಾ) ಮಗಾ, ಅಲ್ಲಿ ಹೋಗಿ ಕೂತ್ಕೊಳ್ಳುವ" ಹೇಳಿದ್ರು. ಎದ್ದು ಹೋಗಿ ಕೂತದ್ದೇ ಟಾರ್ಚ್ ಹಿಡ್ಕೊಂಡು ಹುಡುಗ ಬಂದ. "ಸರ್ ಅದು ಬುಕ್ ಆಗಿದೆ, ನಿಮ್ಮ ಸೀಟಿಗೆ ಹೋಗಿ." ಬಂದವರಿಲ್ಲ ಅಲ್ವಾ ಕೇಳಿದ್ರೆ "ಬರ್ತಾರೆ ಸರ್". ಪಾಪ ಅವನಿಗೆ ಹೇಳಿ ಎಂತ ಪ್ರಯೋಜನ, ಮೇಲಿನವರು ಹೇಳಿದ್ದು ಮಾಡ್ತಾನೆ. ಇಂಟರ್ವಲ್ ಆಯ್ತು, ಬರ್ಲಿಲ್ಲ. ಕ್ಲೈಮ್ಯಾಕ್ಸ್ ಆಯ್ತು, ಆಗ್ಲೂ ಬರ್ಲಿಲ್ಲ.

ಮರುದಿನ ಸಿನಿಮಾದವರ ಪೋಸ್ಟರ್ ಬಂತು, "ಮಂಗಳೂರು ಪ್ರೀಮಿಯರ್ ಹೌಸ್‌ಫುಲ್, ಕರಾವಳಿಯ ಜನರಿಗೆ ಥ್ಯಾಂಕ್ಸ್".

ಇದು ಎಂತ ಅಂತ ಡಿಸ್ಟ್ರಿಬ್ಯೂಶನ್ ಲೈನಲ್ಲಿರುವ ಗೆಳೆಯನ ಹತ್ರ ಕೇಳಿದೆ. ಬ್ಲಾಕ್ ಬುಕಿಂಗ್ ಅಂತಾರಂತೆ, ಹೊಸತೇನಲ್ಲ. ಸಿನಿಮಾದವರೋ ಅವರ ಕಡೆಯವರೋ ಮಧ್ಯದ ಸೀಟುಗಳನ್ನು ಒಟ್ಟಿಗೆ ತಗೊಳ್ಳುದು, ಒಂದಷ್ಟು ಪಾಸ್ ಹಂಚುದು, ಉಳಿದದ್ದು ಖಾಲಿ ಬಿದ್ದಿರುದು. ಆ್ಯಪಿನ ಮ್ಯಾಪಲ್ಲಿ ಬೂದು ಬಣ್ಣ ಅಂದ್ರೆ ಆ ಸೀಟು ನಿಮಗೆ ಸಿಗುದಿಲ್ಲ ಅಂತ ಅಷ್ಟೆ, ಯಾರೋ ದುಡ್ಡು ಕೊಟ್ಟು ನೋಡ್ಲಿಕ್ಕೆ ಬರ್ತಾರೆ ಅಂತ ಅಲ್ಲ. ಮಾರಾಟ ಆದದ್ದೂ ಒಂದೇ ಬಣ್ಣ, ಥಿಯೇಟರಿನವರೇ ತೆಗೆದಿಟ್ಟದ್ದೂ ಅದೇ ಬಣ್ಣ. ಮೀನು ಮಾರ್ಕೆಟಲ್ಲಿ ಬುಟ್ಟಿಯ ಮೇಲೆ ಒಳ್ಳೆ ಬಂಗುಡೆ ಇಟ್ಟು ಅಡಿಗೆ ನಿನ್ನೆಯದ್ದು ಹಾಕುವವರಾದ್ರೂ ವಾಸಿ, ಕಿವಿರು ಎತ್ತಿ ನೋಡ್ಲಿಕ್ಕಾದ್ರೂ ಬಿಡ್ತಾರೆ.

ಸಿನಿಮಾ ಹೇಗಿತ್ತು ಅಂದ್ರೆ ಕಾಮಿಡಿ ಅಂತ ತೋರಿಸಿದ ಟ್ರೇಲರಿನ ಜೋಕುಗಳೆಲ್ಲ ಮೊದಲ ಇಪ್ಪತ್ತು ನಿಮಿಷದಲ್ಲೇ ಮುಗೀತು, ಮತ್ತೆ ಪೂರ್ತಿ ಕತ್ತಿ, ರಕ್ತ. ಅತ್ತಿಗೆ ಮಗಳ ಕಣ್ಣು ಮುಚ್ಚಿ ಕೂತಿದ್ರು. ಸರ್ಟಿಫಿಕೇಟ್ ಯುಎ 16+, ಬುಕಿಂಗ್ ಪೇಜಲ್ಲಿ ಸಣ್ಣ ಅಕ್ಷರದಲ್ಲಿ ಉಂಟು, ರೀಲ್ಸಲ್ಲಿ ಒಬ್ರೂ ಹೇಳುದಿಲ್ಲ. ಮೊದ್ಲು ಬರೀ ಯುಎ ಅಂತ ಇತ್ತು, 2024ರ ಕೊನೆಯಿಂದ ಅದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಎ ಸರ್ಟಿಫಿಕೇಟ್ ಆದ್ರೆ 18ರ ಒಳಗಿನವರನ್ನು ಗೇಟಲ್ಲೇ ತಡೀಬೇಕು, ಆದ್ರೆ ಯುಎ 16+ ಅಂದ್ರೆ ಹೆತ್ತವರು ನೋಡಿ ತೀರ್ಮಾನ ಮಾಡಿ ಅಂತ ಅಷ್ಟೆ, ಹಾಗಾಗಿ ಮಗುವಿಗೂ ಆರಾಮಾಗಿ ಟಿಕೆಟ್ ಕೊಡ್ತಾರೆ. "ಫ್ಯಾಮಿಲಿ ಸಿನಿಮಾ" ಅಂತ ಯಾರಾದ್ರೂ ಹೇಳಿದ್ರೆ ಮೊದ್ಲು ಆ ನಂಬರ್ ನೋಡಿ.

ಹೊರಗೆ ಬಂದ್ರೆ ಬಾಗಿಲಲ್ಲೇ ಮೈಕ್ ಹಿಡ್ಕೊಂಡ ಇಬ್ರು ಹುಡುಗ್ರು. ಒಬ್ಬ ಅಣ್ಣನ ಬಾಯಿಗೆ ಮೈಕ್ ಹಿಡಿದು "ಹೇಗಿತ್ತು ಸರ್ ಸಿನಿಮಾ?" ಕೇಳಿದ. ಅಣ್ಣ "ಬೋರ್ ಮಾರಾಯ, ಕಾಮಿಡಿ ಎಲ್ಲಿ ಉಂಟು" ಹೇಳಿದ್ದೇ ಮೈಕ್ ಬೇರೆ ಕಡೆ ಹೋಯ್ತು. ಅವನ ಹಿಂದೆ ಬಂದ ಆಂಟಿ ಒಬ್ರು "ಸೆಕೆಂಡ್ ಹಾಫ್ ಸ್ವಲ್ಪ ಎಳೆದದ್ದು" ಅಂದ್ರು, ಅದೂ ಬೇಡ. ಕೊನೆಗೆ ಹೀರೋನ ಫೋಟೋ ಇದ್ದ ಟೀಶರ್ಟ್ ಹಾಕಿದ ಏಳೆಂಟು ಹುಡುಗರು ಶಿಳ್ಳೆ ಹೊಡೆದ್ರಲ್ಲ, ಕ್ಯಾಮೆರಾ ಅಲ್ಲೇ ನಿಂತಿತು. ಆ ವಿಡಿಯೋ ಬೆಳಿಗ್ಗೆ "ಮಂಗಳೂರು ಪಬ್ಲಿಕ್ ರಿವ್ಯೂ" ಅಂತ ಬಂತು. ನಾವು ಐದು ಜನವೂ ಮಂಗಳೂರು ಪಬ್ಲಿಕ್ಕೇ ಅಲ್ವಾ!

ಬೈದು ಬರೆಯುವವರನ್ನು ತಡೀಲಿಕ್ಕೆ ಮಾತ್ರ ಎಲ್ಲ ಕಡೆ ಓಡಾಟ ಉಂಟು. ಕೆಲವು ಕನ್ನಡ ಸಿನಿಮಾಗಳಿಗೆ ಈಗ ಕೋರ್ಟಿಂದ ಆದೇಶ ತಂದು ಆ್ಯಪಲ್ಲಿ ರೇಟಿಂಗೇ ಬಂದ್ ಮಾಡಿಸ್ತಾರೆ. ಕೇರಳದಲ್ಲಿ ಹೈಕೋರ್ಟ್ ನೇಮಿಸಿದ ಅಮಿಕಸ್ ಕ್ಯೂರಿ, ಅಂದ್ರೆ ಕೋರ್ಟಿಗೆ ಸಲಹೆ ಕೊಡುವ ವಕೀಲರು, 2024ರಲ್ಲಿ ಕೊಟ್ಟ ವರದಿಯಲ್ಲಿ, ಸಿನಿಮಾ ಬಂದು 48 ಗಂಟೆ ಆಗುವವರೆಗೆ ವ್ಲಾಗರ್‌ಗಳು ರಿವ್ಯೂ ಹಾಕದೆ ಇರುದು ಒಳ್ಳೇದು ಅಂತ ಸಲಹೆ ಇತ್ತು. ದುಡ್ಡು ಹಾಕಿದವರಿಗೆ ನಷ್ಟ ಆಗ್ಬಾರ್ದು, ಸುಳ್ಳು ರಿವ್ಯೂ ಹಾಕಿ ದುಡ್ಡು ಕೀಳುವವರೂ ಇದ್ದಾರೆ, ಒಪ್ಪಿದೆ. ಹಾಗಾದ್ರೆ ಸಿನಿಮಾ ಬರುವ ಮೊದ್ಲೇ ದುಡ್ಡು ತಗೊಂಡು ಹೊಗಳುವವರಿಗೆ ಎಷ್ಟು ಗಂಟೆ?

ರೇಟಿನ ಬಗ್ಗೆ ಅಮ್ಮ ದಾರಿಯಲ್ಲಿ ಕೇಳಿದ್ರು, "ಸರ್ಕಾರ 200 ಮಾಡಿದೆ ಅಂತ ಟೀವಿಯಲ್ಲಿ ಬಂದಿತ್ತಲ್ಲ". ಬಂದದ್ದು ಹೌದು, 2025ರ ಬಜೆಟಲ್ಲಿ ಹೇಳಿ ಸೆಪ್ಟೆಂಬರಲ್ಲಿ ಆದೇಶವೂ ಆಯ್ತು, ತೆರಿಗೆ ಬಿಟ್ಟು 200 ಅಂತ. ಅದೇ ತಿಂಗಳು ಹೈಕೋರ್ಟಿಂದ ಸ್ಟೇ ಬಂತು. ಹಾಗಾಗಿ ಆ ಸುದ್ದಿ ನೆನಪಿಟ್ಕೊಂಡು ಹೋಗ್ಬೇಡಿ, ಪ್ರೀಮಿಯರ್‌ಗೆ ಅವ್ರು ಇಟ್ಟದ್ದೇ ರೇಟು. ಅದೇ ತಿಂಗಳ 22ರಿಂದ ಜಿಎಸ್‌ಟಿ ಬದಲಾಗಿದೆ, 100 ರೂಪಾಯಿವರೆಗಿನ ಟಿಕೆಟಿಗೆ 12 ಇದ್ದದ್ದು 5 ಪರ್ಸೆಂಟ್ ಆಗಿದೆ, ಅದಕ್ಕಿಂತ ಮೇಲೆ 18. ನೂರರ ಒಳಗೆ ಟಿಕೆಟ್ ಸಿಗ್ಬೇಕಾದ್ರೆ ಸಿಂಗಲ್ ಸ್ಕ್ರೀನೇ ಗತಿ, ಅದು ನಮ್ಮಲ್ಲಿ ಉಳಿದದ್ದೆಷ್ಟು? ಮಂಗಳೂರಲ್ಲಿ ಜ್ಯೋತಿ ಟಾಕೀಸ್ ಹೋಗಿ ಜ್ಯೋತಿ ಸರ್ಕಲ್ ಮಾತ್ರ ಉಂಟು.

ಪ್ರೀಮಿಯರ್ ಎಲ್ಲವೂ ಮೋಸ ಅಂತ ನಾನು ಹೇಳುದಿಲ್ಲ. 2025ರ ಜುಲೈಯಲ್ಲಿ "ಸು ಫ್ರಮ್ ಸೋ" ಸಿನಿಮಾ ಬಂದಾಗ ಅವರೂ ಮಂಗಳೂರಲ್ಲಿ ಮೊದ್ಲೇ ಪೇಯ್ಡ್ ಪ್ರೀಮಿಯರ್ ಇಟ್ಟಿದ್ರು. ಆದ್ರೆ ಅಲ್ಲಿ ನೋಡಿದವರೇ ಮನೆಗೆ ಬಂದು ಫೋನ್ ಮಾಡಿ ಹೇಳಿದ್ದು, "ಹೋಗಿ, ಹೋಗಿ" ಅಂತ. ಶುಕ್ರವಾರ ಇದ್ದದ್ದಕ್ಕಿಂತ ಭಾನುವಾರಕ್ಕೆ ಶೋ ಜಾಸ್ತಿ ಆಯ್ತು, ರಾತ್ರಿ ಹನ್ನೆರಡಕ್ಕೂ ಇಟ್ರು. ಥಿಯೇಟರಿನವರಿಗೆ ಸಿನಿಮಾದ ಮೇಲೆ ಪ್ರೀತಿ ಇಲ್ಲ, ಜನ ಬರುದಿಲ್ಲ ಅಂದ್ರೆ ಶನಿವಾರವೇ ಎರಡು ಶೋ ತೆಗೆದು ಬೇರೆ ಭಾಷೆಯದ್ದು ಹಾಕ್ತಾರೆ. ನಾವು ನೋಡಿದ ಆ ಹೌಸ್‌ಫುಲ್ ಸಿನಿಮಾ ಸೋಮವಾರಕ್ಕೆ ಬೆಳಿಗ್ಗೆಯ ಒಂದು ಶೋಗೆ ಇಳಿದಿತ್ತು. ಹಾಗಾಗಿ ರೀಲ್ಸ್, ಟ್ರೇಲರ್ ವ್ಯೂಸ್, ಆ್ಯಪಲ್ಲಿ "ಇಂಟರೆಸ್ಟೆಡ್" ಒತ್ತಿದವರ ಲೆಕ್ಕ, ಅದೆಲ್ಲ ಬಿಟ್ಟು ಶನಿವಾರ ಭಾನುವಾರ ನಿಮ್ಮ ಊರಿನ ಥಿಯೇಟರಲ್ಲಿ ಶೋ ಏರಿತಾ ಇಳಿತಾ ಅಂತ ಮಾತ್ರ ನೋಡಿ. ಸೋಮವಾರ ಸಂಜೆಯ ಶೋಗೆ ಮಧ್ಯಾಹ್ನ ಸೀಟ್ ಮ್ಯಾಪ್ ತೆಗೆದು ನೋಡಿ, ಅಲ್ಲಲ್ಲಿ ಎರಡು, ಮೂರು, ನಾಲ್ಕು ಅಂತ ಚದುರಿ ಬುಕ್ ಆಗಿದ್ರೆ ಅದು ಮನೆಯವರು, ಜೋಡಿಗಳು, ಕಾಲೇಜಿನವರು ದುಡ್ಡು ಕೊಟ್ಟು ಬರುದು. ಮಧ್ಯದ ಸಾಲು ಪೂರ್ತಿ ಹೋಗಿ ಬದಿಯಲ್ಲಿ ಒಂದೂ ಹೋಗಿಲ್ಲ ಅಂದ್ರೆ ನನಗೀಗ ಡೌಟೇ.

ಕಾದ್ರೆ ನಷ್ಟ ಎಂತದೂ ಇಲ್ಲ. ಒಟಿಟಿ ಡೀಲ್ ಆದ ದಕ್ಷಿಣದ ಸಿನಿಮಾಗಳು ಹೆಚ್ಚಾಗಿ ನಾಲ್ಕು ವಾರಕ್ಕೆ ಮೊಬೈಲಿಗೆ ಬರ್ತವೆ, ಹಿಂದಿಯದ್ದಾದ್ರೆ ಸಾಮಾನ್ಯವಾಗಿ ಎಂಟು ವಾರ. ದೊಡ್ಡ ಬಜೆಟ್, ಗ್ರಾಫಿಕ್ಸ್ ಇದ್ರೆ ಥಿಯೇಟರಲ್ಲೇ ನೋಡ್ಬೇಕು ಅಂತಾರಲ್ಲ, ನನಗೆ ಹಾಗೆ ಕಾಣುದಿಲ್ಲ. ಥಿಯೇಟರ್ ನಿಜವಾಗಿ ಬೇಕಾದ್ದು ಕಾಮಿಡಿಗೆ. ತುಳು ಸಿನಿಮಾ ಒಂದನ್ನು ತುಂಬಿದ ಹಾಲಲ್ಲಿ ನೋಡಿದವರಿಗೆ ಗೊತ್ತುಂಟು, ಹಿಂದಿನ ಸಾಲಿನವರ ನಗೆಗೆ ಮುಂದಿನ ಡೈಲಾಗೇ ಕೇಳುದಿಲ್ಲ, ಗಮ್ಮತ್ತು ಅದೇ. ಮನೆಯಲ್ಲಿ ಒಬ್ಬನೇ ಕೂತು ನೋಡಿದ್ರೆ ಅದೇ ಜೋಕು ಚಪ್ಪೆ. ಅದಕ್ಕೇ ಆ ಖಾಲಿ ಸಾಲುಗಳ ಮೇಲೆ ನನಗೆ ಇಷ್ಟು ಸಿಟ್ಟು.

ಇನ್ನು ದೂರಿನ ವಿಷಯ. ಥಿಯೇಟರಿನವರ ಹತ್ರ ಕೇಳಿದ್ರೆ ಆ್ಯಪಿನವರನ್ನು ಕೇಳಿ ಅಂದ್ರು, ಆ್ಯಪಿನವರು ಶೋ ನೋಡಿ ಆಗಿದೆ ರೀಫಂಡ್ ಇಲ್ಲ ಅಂದ್ರು, ಕನ್ವೀನಿಯನ್ಸ್ ಫೀ ಅಂತೂ ಹೇಗೂ ವಾಪಸ್ ಬರುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ದೂರು ಬರ್ಕೊಂಡು ನಂಬರ್ ಕೊಟ್ಟಿದ್ದಾರೆ. ಬುಕ್ ಮಾಡುವಾಗ ತೆಗೆದ ಸೀಟ್ ಮ್ಯಾಪಿನ ಸ್ಕ್ರೀನ್‌ಶಾಟ್, ಇಂಟರ್ವಲಲ್ಲಿ ಲೈಟ್ ಹಾಕಿದಾಗ ತೆಗೆದ ಖಾಲಿ ಸಾಲಿನ ಫೋಟೋ ಎರಡೂ ನಮ್ಮ ಹತ್ರ ಉಂಟು. ಸಿನಿಮಾ ಓಡುವಾಗ ಫೋನ್ ಎತ್ಬೇಡಿ, ಪೈರಸಿ ಅಂತ ನಿಮ್ಮ ಮೇಲೇ ಕೇಸ್ ಹಾಕ್ತಾರೆ, ಇಂಟರ್ವಲಲ್ಲಿ ತೆಗೀರಿ. ದೂರಿಗೆ ಉತ್ತರ ಬಂದ್ರೆ ಇಲ್ಲೇ ಹಾಕ್ತೇನೆ.